ಎತ್ತದ ಕೊಡಲಿ

ಬಂದೂಕು ಗುರುಲಿಂಗಪ್ಪಗೌಡನದು. ಅದನ್ನು ಹೊತ್ತು ತಿರುಗುವ ಹೆಗಲು ಧೂಳಪ್ಪನದು. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು.

ಭೀಮಾ ಹೊಳೆಯ ದಂಡೆಗೆ ಮರಳಗಡ್ಡಿ ಅಂತ ಊರು. ಅಗರಖೇಡದ ಆಚೆ, ಇಂಡಿಯಿಂದ ಬಂದ ಬಸ್ಸು ತಿರುಗಿ ಹೋಗುವ ಕಡೆಯ ಊರು. ಹೊಳೆಸಾಲಿನ ಕರಿ ಎರೆಭೂಮಿ ಅರ್ಧಕ್ಕರ್ಧ ಗೌಡನದು. ಪಂಚಾಯ್ತಿ ಚೇರಮನ್ನನೂ ಅವನೇ. ಬೆಳಿಗ್ಗೆ ಗೌಡ ಕುದುರೆ ಹತ್ತಿದರೆ ಧೂಳಪ್ಪ ಹಿಂದೆ ಓಡಬೇಕು. ಬರಿಗಾಲು. ಬಲಹೆಗಲಿಗೆ ಜೋಡುನಳಿಗೆಯ ಬಂದೂಕು. ಎದೆಗೆ ಅಡ್ಡವಾಗಿ ಕಾಡತೂಸಿನ ಪಟ್ಟಿ. ಕುದುರೆ ನಿಂತಲ್ಲಿ ಅವನೂ ನಿಲ್ಲಬೇಕು. ಕೂಡ್ರುವ ಹಾಗಿಲ್ಲ. ಬಂದೂಕನ್ನು ಗೋಡೆಗೆ ಆನಿಸುವ ಹಾಗಿಲ್ಲ. ಬ್ಯಾಸಗಿಯಲ್ಲಿ ನಳಿಗೆ ಕಾದು ಕಿವಿಯ ಕೆಳಗೆ ಸುಡುತ್ತಿತ್ತು. ಹೆಗಲ ಮೇಲೆ ಪಟ್ಟಾ ಕೂತ ಜಾಗದಲ್ಲಿ ತೊಗಲು ಸತ್ತು, ಎತ್ತಿನ ಹೆಗಲಿನ ಹಾಗೆ ಗಂಟು ಕಟ್ಟಿತ್ತು.

ಇಂಡಿ ಸಂತೆಯಲ್ಲಿ ಗೌಡ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿಯುವಾಗ ಧೂಳಪ್ಪ ಬಿಸಿಲಿಗೆ ನಿಂತಿರುತ್ತಿದ್ದ. ಒಮ್ಮೆ ಲಚ್ಯಾಣದ ಮಠಕ್ಕೆ ಹೋದಾಗ ಮಠದವರೇ ಹೊರಗೆ ಬಂದು, "ಬಾರಪಾ, ಪಂಕ್ತಿಗೆ ಕೂಡು" ಅಂತ ಕರೆದರು. ಧೂಳಪ್ಪ ಒಳಗೆ ಹೆಜ್ಜೆ ಇಡುವಷ್ಟರಲ್ಲಿ ಗೌಡ ಪಂಕ್ತಿಯಿಂದಲೇ ಕೂಗಿದ.

"ಏ ಧೂಳ್ಯಾ, ಬಂದೂಕ ಯಾರ ಕೈಯಾಗ ಕೊಟ್ಟು ಉಣ್ಣಾಕ ಬರಾಕತ್ತಿ? ಹೊರಗ ನಿಲ್ಲು."

ಉಂಡವರೆಲ್ಲ ಬಾಯಿ ಒರೆಸಿಕೊಂಡು ಅವನ ಮುಂದೇ ಹಾದುಹೋದರು. ಅವನು ಉಗುಳು ನುಂಗಿ ನಿಂತ.

ಆದರೂ ಒಂದು ಮಾತು ನಿಜ. ಮೊದಮೊದಲು ಧೂಳಪ್ಪನಿಗೆ ಆ ಬಂದೂಕು ಹಿತವೇ ಆಗಿತ್ತು. ಅವನಪ್ಪ ಗೌಡನ ಮನೆಯ ಸಗಣಿ ಬಳಿದು ಸತ್ತವನು. ಮಗ ಬಂದೂಕು ಹೊತ್ತು ಓಣಿಯಲ್ಲಿ ಬಂದರೆ ಕಟ್ಟೆಯ ಮೇಲಿದ್ದವರು ಕಾಲು ಕೆಳಗೆ ಬಿಡುತ್ತಿದ್ದರು. ಅವರು ಹೆದರುವುದು ತನಗಲ್ಲ ಅಂತ ಗೊತ್ತಿದ್ದರೂ ಅವನ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಅವನ ಹೆಂಡತಿ ಶೇವಂತೆವ್ವ ಅದನ್ನು ನೋಡಿ ನಗುತ್ತಿರಲಿಲ್ಲ.

"ಆ ಹಾಳ ಎಣ್ಣಿ ನಾತ ತೊಳಕೊಂಡು ರೊಟ್ಟಿ ಮುಟ್ಟು" ಅನ್ನುತ್ತಿದ್ದಳು.

ಗೌಡನ ಲೈಸೆನ್ಸಿನಲ್ಲಿ 'ಬೆಳೆಯ ರಕ್ಷಣೆ ಮತ್ತು ಆತ್ಮರಕ್ಷಣೆ' ಅಂತ ಬರೆದಿತ್ತು. ಗೌಡ ಅದನ್ನು ಆಗಾಗ ಜನರಿಗೆ ಓದಿ ಹೇಳುತ್ತಿದ್ದ. "ಸರಕಾರನ ಹೇಳೈತಿ, ನನ್ನ ಜೀವ ನಾ ಕಾಯಬೇಕಂತ." ಒಂಬತ್ತು ವರ್ಷದಲ್ಲಿ ಗೌಡನ ಮೈಮೇಲೆ ಒಂದು ಹುಲ್ಲುಕಡ್ಡಿಯೂ ಬಿದ್ದದ್ದನ್ನು ಧೂಳಪ್ಪ ನೋಡಿರಲಿಲ್ಲ.

ಶೇವಂತೆವ್ವನ ತಮ್ಮ ಸೋಮನಿಂಗ ಕುರಿಗಾರ. ಇಪ್ಪತ್ತೈದರ ಗಟ್ಟಿ ಆಳು. ಊರ ಹೊರಗಿನ ಹಾಲುಮತದವರ ಹಟ್ಟಿಯಲ್ಲಿ ಅವನದು ಅರವತ್ತು ಕುರಿಯ ಹಿಂಡು. ಕಂಬಳಿ, ಬುತ್ತಿ, ಜಾಲಿ ಟೊಂಗೆ ಸವರಲು ಒಂದು ಕೊಡಲಿ, ಇಷ್ಟೇ ಅವನ ಆಸ್ತಿ.

ಎಪ್ಪತ್ತೇಳನೆಯ ಇಸವಿಯ ಮಳೆಗಾಲದಲ್ಲಿ ಹೊಳೆಯಾಚೆಯಿಂದ ಆರು ಮಂದಿ ಕಳ್ಳರು ಬಂದರು. ಸಂಜೆ ಹೊತ್ತು ಹಿಂಡಿಗೆ ಅಡ್ಡ ನಿಂತು ಹನ್ನೊಂದು ಕುರಿ ಹೊಡೆದುಕೊಂಡು ಹೋದರು. ತಡೆಯಲು ಹೋದ ಸೋಮನಿಂಗನ ತಲೆಯ ಮೇಲೆ ಬಡಿಗೆ ಇಟ್ಟರು. ಬುರುಡೆಗೆ ಏಳು ಹೊಲಿಗೆ ಬಿತ್ತು. ಹಂಚಿನಗೇರಿಯ ಹೊರಠಾಣೆಗೆ ಹೋಗಿ ದೂರು ಕೊಟ್ಟರೆ ಅಲ್ಲಿಯ ಹವಾಲ್ದಾರ ನಕ್ಕ.

"ನಿನ್ನ ಕುರಿ ಹಿಂದ ಪೊಲೀಸರು ಬಡಿಗಿ ಹಿಡಕೊಂಡು ಅಡ್ಡ್ಯಾಡಬೇಕೇನೋ? ನಿನ್ನದು ನೀ ಕಾಯ್ಕೋ."

ಸೋಮನಿಂಗ ಆ ಮಾತನ್ನು ಹಿಡಿದುಕೊಂಡ. ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದಗಿಸಾಬನ ಹತ್ತಿರ ಹೋದ. ಬಂದಗಿಸಾಬ ಮಿಲಿಟರಿಯಲ್ಲಿ ಹದಿನಾರು ವರ್ಷ ಇದ್ದು ಬಂದವನು. ಈಗ ಊರಲ್ಲಿ ಬಟ್ಟೆ ಹೊಲಿಯುತ್ತಿದ್ದ. ಓದು ಬರಹ ಬಾರದವರಿಗೆ ಅರ್ಜಿಯನ್ನೂ ಬರೆದು ಕೊಡುತ್ತಿದ್ದ. ಅವತ್ತು ಧೂಳಪ್ಪನೂ ಗೌಡನ ಅಂಗಿ ಒಯ್ಯಲು ಅಲ್ಲಿಗೆ ಬಂದಿದ್ದ.

"ಕಾಕಾ, ಒಂದು ಅರ್ಜಿ ಬರದು ಕೊಡ್ರಿ. ನನಗ ಬಂದೂಕಿನ ಲೈಸೆನ್ಸ ಬೇಕು" ಅಂದ ಸೋಮನಿಂಗ.

ಹೊಲಿಗೆ ಮಿಶನ್ನು ನಿಂತಿತು. ಧೂಳಪ್ಪ ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಅಂತ.

"ಏ ಸೋಮ್ಯಾ, ಹುಚ್ಚಗಿಚ್ಚ ಹಿಡದೈತೇನು?"

"ಯಾಕ ಮಾವಾ? ಗೌಡಗ ಬೆಳಿ ಅದಾವ. ನನಗ ಕುರಿ ಅದಾವ. ಅವಗೂ ಜೀವ ಐತಿ, ನನಗೂ ಐತಿ. ನನ್ನ ತಲಿ ಒಡದಾರ. ಅವನ ತಲಿ ಯಾರರ ಒಡದಾರೇನು?"

ಬಂದಗಿಸಾಬ ಕನ್ನಡಕ ತೆಗೆದು ಒರೆಸಿದ. "ತಮ್ಮಾ, ನಾ ಹದಿನಾರು ವರ್ಷ ಬಂದೂಕ ಹಿಡದೇನಿ. ಅದು ಕೈಯಾಗ ಇದ್ರ ಎದುರಿಗೆ ನಿಂತಾಂವ ಏನ್ ಹೇಳಾಕತ್ತಾನ ಅನ್ನೂದು ಕಿವಿಗೆ ಬೀಳೂದಿಲ್ಲ. ನಾ ಬಿಟ್ಟು ಬಂದದ್ದ ಛಲೋ ಆತು ಅನಸ್ತೈತಿ."

"ನೀವು ಹಿಡದು ಬಿಟ್ಟೀರಿ ಕಾಕಾ. ನನಗ ಹಿಡ್ಯಾಕರ ಕೊಡ್ತಾರೇನು ನೋಡೂಣು."

ಬಂದಗಿಸಾಬ ಕನ್ನಡಕ ಹಾಕಿಕೊಂಡ. ಆಮೇಲೆ ಕಾಗದ ತೆಗೆದ. "ಕೊಡೂದಿಲ್ಲ. ಆದ್ರ ಕೊಡೂದಿಲ್ಲ ಅಂತ ಅವರ ಬರದು ಹೇಳ್ಲಿ. ಬರೀತೇನಿ."

ಸೋಮನಿಂಗ ಆ ಅರ್ಜಿ ಹಿಡಿದುಕೊಂಡು ಪ್ಯಾಟಿ ಕಚೇರಿಗೆ ನಾಲ್ಕು ಸಲ ಹೋದ. ಒಬ್ಬ ಕಾರಕೂನ, "ಹೊಲ ಎಷ್ಟೈತಿ?" ಅಂದ. ಇಲ್ಲ ಅಂದ ಇವನು. "ಪಕ್ಕಾ ಮನಿ?" ಇಲ್ಲ. "ಮತ್ತ ಕಾಯಾಕ ನಿನ್ನ ಹತ್ರ ಏನೈತಿ?" "ಜೀವ ಐತ್ರಿ" ಅಂದ. ಕಚೇರಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆದರೂ ಅರ್ಜಿಯ ಮೇಲೆ ಶಿಕ್ಕಾ ಬಿತ್ತು. ವಿಚಾರಣೆಗಾಗಿ ಅದು ಹಂಚಿನಗೇರಿ ಹೊರಠಾಣೆಗೆ ಬಂತು.

ಪಟೇಲಕಿ ಹೋಗಿ ವರ್ಷಗಳಾಗಿದ್ದವು. ಆದರೂ ಪೊಲೀಸರು ಊರಿಗೆ ಬಂದರೆ ಕೂಡ್ರುವುದು ಗೌಡನ ಪಡಸಾಲೆಯಲ್ಲೇ. ಹವಾಲ್ದಾರ ಅಲ್ಲೇ ಕೂತು, ಶೇಂಗಾ ಹೋಳಿಗೆ ತಿನ್ನುತ್ತ ಕಾಗದ ಬಿಚ್ಚಿದ. ಧೂಳಪ್ಪ ಕಂಬದ ಹತ್ತಿರ ಬಂದೂಕು ಹೊತ್ತು ನಿಂತಿದ್ದ.

"ಗೌಡ್ರ, ನಿಮ್ಮೂರಾಗ ಇನ್ನೊಬ್ಬ ಬಂದೂಕಿನ ಸಾವಕಾರ ಹುಟ್ಟ್ಯಾನ ನೋಡ್ರಿ" ಅಂದ ಹವಾಲ್ದಾರ.

ಗೌಡ ಕಾಗದ ಇಸಿದುಕೊಂಡ. ಓದಿದ. ಮತ್ತೊಮ್ಮೆ ಓದಿದ. ಮೊದಲು ನಗು ಬಂತು. ಆಮೇಲೆ ಮುಖ ಕಪ್ಪಿಟ್ಟಿತು.

"ಕುರಿ ಕಾಯೂ ಸೋಮ್ಯಾ ನನ್ನ ಎದುರಿಗೆ ಬಂದೂಕ ಹಾಕ್ಕೊಂಡು ಅಡ್ಡ್ಯಾಡ್ತಾನಂತ. ಏ ಧೂಳ್ಯಾ, ನಿನ್ನ ಹೆಂಡತಿ ತಮ್ಮ ಅಲ್ಲೇನಾಂವ?"

"ಹೌದ್ರಿ ಯಪ್ಪಾ."

"ನೀನಾ ತಲಿಯಾಗ ತುಂಬಿದೇನು ಇದನ್ನ?"

"ಇಲ್ರಿ ಯಪ್ಪಾ."

"ಬಂದೂಕ ಎಲ್ಲಾರ ಕೈಯಾಗ ಹ್ವಾದ್ರ ಊರ ಉಳಿತೈತೇನು?" ಗೌಡ ಹವಾಲ್ದಾರನ ಕಡೆ ತಿರುಗಿದ. "ಬರ್ಕೋರಿ. ಅರ್ಜಿದಾರ ಗುಂಡಾ ಮನುಷ್ಯ. ಕೊಡಲಿ ಹಿಡದು ಜನರನ್ನ ಅಂಜಸ್ತಾನ. ಇಂಥವಗ ಆಯುಧ ಕೊಟ್ರ ಶಾಂತಿಭಂಗ ಆಗ್ತೈತಿ."

ಹವಾಲ್ದಾರ ಬರೆದುಕೊಂಡ. ಗೌಡ ಸಹಿ ಹಾಕಿದ. ಆ ಕಾಗದದಲ್ಲಿ ಮೊದಲ ಸಲ ಸೋಮನಿಂಗನ ಕೈಯಲ್ಲಿ ಕೊಡಲಿ ಎದ್ದು ನಿಂತಿತು.

ಎರಡು ದಿನದೊಳಗೆ ಗೌಡ ಹೊಳೆಯ ದಾರಿಗೆ ಜಾಲಿಮುಳ್ಳು ಹಾಕಿಸಿದ. ಅದು ಅವನ ಹೊಲದ ನಡುವೆ ಹಾದುಹೋಗುವ ಬಂಡಿದಾರಿ. ಊರು ಹುಟ್ಟಿದಾಗಿನಿಂದ ಕುರಿ, ದನ, ನೀರಿಗೆ ಹೋಗುವ ಹೆಣ್ಣುಮಕ್ಕಳು ಎಲ್ಲ ಅದೇ ದಾರಿ ಹಿಡಿಯುತ್ತಿದ್ದರು. ಹಟ್ಟಿಯವರು ಮೂರು ಮೈಲಿ ಸುತ್ತು ಹಾಕಿ ನೀರಿಗೆ ಹೋಗತೊಡಗಿದರು. ಕುರಿಮರಿಗಳು ದಾರಿಯಲ್ಲೇ ಕುಸಿದವು. ಐದನೆಯ ದಿನ ಸೋಮನಿಂಗ ಸುತ್ತು ಹಾಕಲಿಲ್ಲ.

ಬೆಳಿಗ್ಗೆ ಹತ್ತರ ಹೊತ್ತು. ಎರಡೂ ಕಡೆ ಎದೆಮಟ್ಟ ಬಿಳಿಜೋಳ ನಿಂತಿತ್ತು. ಗೌಡ ಒಡ್ಡಿನ ಮೇಲೆ ಇದ್ದ. ಧೂಳಪ್ಪ ಹಿಂದೆ ಎರಡು ಮಾರು ದೂರ. ಹಿಂಡು ಮುಳ್ಳಿನ ಹತ್ತಿರ ಬಂದು ನಿಂತಿತು. ಸೋಮನಿಂಗ ಹೆಗಲ ಕೊಡಲಿಯನ್ನು ತೆಗೆದು ದಾರಿಬದಿಯ ಕಲ್ಲಿಗೆ ಒರಗಿಸಿದ. ಎರಡೂ ಕೈಗೆ ಕಂಬಳಿ ಸುತ್ತಿಕೊಂಡು ಬಗ್ಗಿ ಮುಳ್ಳು ಎಳೆಯತೊಡಗಿದ.

"ಏ ಮಗನಾ, ಬಿಡು ಮುಳ್ಳ!" ಗೌಡ ಕೂಗಿದ.

"ಕುರಿ ನೀರಡಿಸ್ಯಾವ್ರಿ ಗೌಡ್ರ. ದಾರಿ ಊರಂದು. ನೀರು ಕುಡಿಸಿ ಮತ್ತ ಹಚ್ಚಿ ಹೋಗ್ತೇನಿ ನಿಮ್ಮ ಮುಳ್ಳು." ಸೋಮನಿಂಗ ತಲೆ ಎತ್ತಲಿಲ್ಲ.

ತಲೆ ಎತ್ತದೆ ಉತ್ತರ ಕೊಟ್ಟದ್ದೇ ಗೌಡನಿಗೆ ಸಾಕಾಯಿತು. ಹಿಂದಕ್ಕೆ ಕೈ ಚಾಚಿದ.

"ಬಂದೂಕ ತಾ."

ಧೂಳಪ್ಪ ಕೊಟ್ಟ.

ಆಮೇಲೆ ಎಷ್ಟೋ ದಿನ ಅವನು ಇದನ್ನೇ ತಿರುತಿರುಗಿ ನೆನೆದ. ಎದುರಿಗಿದ್ದವನು ಯಾರು ಅಂತ ಗೊತ್ತಿತ್ತು. ಎರಡೂ ನಳಿಗೆಗೆ ಬೆಳಿಗ್ಗೆ ತಾನೇ ಕಾಡತೂಸು ತುಂಬಿದ್ದೂ ಗೊತ್ತಿತ್ತು. ಆದರೂ 'ತಾ' ಅಂದ ಕೂಡಲೇ ಒಂಬತ್ತು ವರ್ಷದ ರೂಢಿಯ ಕೈ ತಾನಾಗಿಯೇ ಮುಂದೆ ಹೋಯಿತು. ಮನಸ್ಸು ಬೇಡ ಅನ್ನುವುದರೊಳಗೆ ಹೆಗಲು ಖಾಲಿಯಾಗಿತ್ತು.

ಗುಂಡು ಹಾರಿತು. ಇಪ್ಪತ್ತು ಹೆಜ್ಜೆಯ ದೂರ. ಸೋಮನಿಂಗನ ಎಡಗಾಲಿನ ಮೊಣಕಾಲು ಚಿಪ್ಪು ಹಾರಿಹೋಯಿತು. ಅವನ ಪಕ್ಕದಲ್ಲಿದ್ದ ಎರಡು ಕುರಿ ಮಗ್ಗುಲಾದವು. ಉಳಿದ ಹಿಂಡು ಜೋಳದೊಳಗೆ ನುಗ್ಗಿತು. ಸೋಮನಿಂಗ ಮುಳ್ಳಿನ ಮೇಲೇ ಬಿದ್ದು, "ಅಕ್ಕಾ, ಅಕ್ಕಾ" ಅಂತ ಚೀರಿದ.

ಗೌಡ ಬಂದೂಕನ್ನು ಧೂಳಪ್ಪನ ಕಡೆ ತಿರುಗಿಸಿದ. ನಳಿಗೆಯಿಂದ ಇನ್ನೂ ಹೊಗೆ ಬರುತ್ತಿತ್ತು.

"ಆ ಕೊಡಲಿ ತಗೊಂಡು ಅವನ ಕೈ ಹತ್ರ ಒಗಿ."

"ಯಪ್ಪಾ..."

"ಇನ್ನೊಂದು ನಳಿಗಿ ತುಂಬೇತಿ ಧೂಳ್ಯಾ. ಒಗಿ ಅಂದೆ."

ಧೂಳಪ್ಪ ಕಲ್ಲಿಗೆ ಒರಗಿಸಿದ್ದ ಕೊಡಲಿ ತೆಗೆದುಕೊಂಡ. ನಡೆದು ಹೋಗಿ ಸೋಮನಿಂಗನ ಬಲಗೈಯ ಹತ್ತಿರ ಇಟ್ಟ. ಸೋಮನಿಂಗ ಕಣ್ಣು ಬಿಟ್ಟು ನೋಡಿದ. "ಮಾವಾ, ಏನ್ ಮಾಡಾಕತ್ತಿ?" ಅಂದ. ಧೂಳಪ್ಪ ಮುಖ ತಿರುವಿದ.

ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಣ್ಣಾಳುಗಳು ಓಡಿ ಬಂದು ಸೋಮನಿಂಗನನ್ನು ಅವನದೇ ಕಂಬಳಿಯಲ್ಲಿ ಹಾಕಿಕೊಂಡು ಬಂಡಿಗೆ ಹೊತ್ತರು. ಧೂಳಪ್ಪನಿಗೆ ಅವರ ಜೊತೆ ಹೋಗಲಾಗಲಿಲ್ಲ. ಗೌಡ ತಿರುಗಿ ಕೈಗೆ ತುರುಕಿದ ಬಿಸಿ ಬಂದೂಕು ಹೊತ್ತು ಅವನ ಹಿಂದೆ ಮನೆಗೆ ನಡೆದ.

ಮಧ್ಯಾಹ್ನ ಹವಾಲ್ದಾರ ಬಂದು ಪಂಚನಾಮೆ ಮಾಡಿದ. ಕೊಡಲಿಯನ್ನು ಬಟ್ಟೆಯಲ್ಲಿ ಕಟ್ಟಿ ಅರಗು ಹಚ್ಚಿದ. "ಸೋಮನಿಂಗ ಕೊಡಲಿ ಎತ್ತಿಕೊಂಡು ಗೌಡರ ಮೈಮೇಲೆ ಬಂದ. ಗೌಡರು ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದರು. ಹೌದಲ್ಲೋ ಧೂಳಪ್ಪ?"

"ಹೌದ್ರಿ" ಅಂದ ಧೂಳಪ್ಪ. ಹೆಬ್ಬೆರಳು ಒತ್ತಿದ.

ವಿಜಾಪುರದ ದವಾಖಾನೆಯಲ್ಲಿ ಸೋಮನಿಂಗನ ಕಾಲನ್ನು ತೊಡೆಯ ನಡುವಿನಿಂದ ತೆಗೆದರು. ಅವನ ಮಂಚದ ಹತ್ತಿರ ಒಬ್ಬ ಪೊಲೀಸನನ್ನು ಕೂಡಿಸಿದರು. ಕಾಯಲಿಕ್ಕೆ ಅಲ್ಲ, ಓಡಿಹೋಗದಂತೆ ನೋಡಿಕೊಳ್ಳಲಿಕ್ಕೆ. ಗೌಡನನ್ನು ಕೊಲ್ಲಲು ಹೋದವನು ಅಂತ ಕೇಸು ಆಗಿದ್ದು ಸೋಮನಿಂಗನ ಮೇಲೆ. ಒಂದು ಕಾಲಿನವನು ಎಲ್ಲಿಗೆ ಓಡುತ್ತಾನೆ ಅಂತ ಯಾರೂ ಕೇಳಲಿಲ್ಲ.

ಶೇವಂತೆವ್ವ ಇಪ್ಪತ್ತು ದಿನ ದವಾಖಾನೆಯ ಕಟ್ಟೆಯ ಮೇಲೆ ಮಲಗಿದಳು. ತಮ್ಮನ ಮೂತ್ರ ಬಳಿದಳು, ಕೀವಿನ ಪಟ್ಟಿ ಒಗೆದಳು. ಇಪ್ಪತ್ತೊಂದನೆಯ ದಿನ ಊರಿಗೆ ಬಂದಳು. ಧೂಳಪ್ಪ ಗುಡಿಸಲ ಮುಂದೆ ಕೂತು ಗೌಡನ ಬಂದೂಕಿನ ನಳಿಗೆಗೆ ಚಿಂದಿ ಹಾಕಿ ಒರೆಸುತ್ತಿದ್ದ. ಅದು ಅವನ ದಿನದ ಕೆಲಸ.

ಅವಳು ನೀರೂ ಕುಡಿಯಲಿಲ್ಲ. ಎದುರಿಗೆ ನಿಂತಳು.

"ಸೋಮ್ಯಾ ಎಲ್ಲಾ ಹೇಳ್ಯಾನ. ಗುಂಡು ಗೌಡ ಹೊಡದ. ಕೊಡಲಿ ಯಾರು ಇಟ್ರು?"

ಧೂಳಪ್ಪನ ಕೈ ನಿಂತಿತು.

"ಬಾಯಾಗ ಮಣ್ಣು ತುಂಬೇತೇನು? ಯಾರು ಇಟ್ರು?"

"ಇನ್ನೊಂದು ನಳಿಗಿ ನನಗ ಹೊಡಿತಿದ್ದ ಶೇವಂತಿ."

"ಹೊಡೀಲಿ ಬಿಡಬೇಕಿತ್ತು!" ಅವಳು ಕಿರುಚಿದಳು. ಓಣಿಯ ಜನ ಹೊರಗೆ ಬಂದರು. "ರಂಡಿ ಆಗಿದ್ರ ಕುಂಕುಮ ಅಳಸ್ಕೊಂಡು ಕುಂದರ್ತಿದ್ದೆ. ಈಗ ಏನ್ ಅಂತ ಹೇಳ್ಕೊಳ್ಳಲಿ? ನನ್ನ ಗಂಡ ನನ್ನ ತಮ್ಮನ ಕೈಯಾಗ ಸುಳ್ಳು ಇಟ್ಟು ಬಂದಾನ ಅಂತ ಹೇಳ್ಲ್ಯಾ? ಈ ಕೈಲೆ ಇನ್ನ ನನ್ನ ರೊಟ್ಟಿ ಮುಟ್ಟಬ್ಯಾಡ."

ಅವಳು ಮಕ್ಕಳಿಬ್ಬರ ಕೈ ಹಿಡಿದು ಹಟ್ಟಿಗೆ ಹೋದಳು. ಧೂಳಪ್ಪ ಬಂದೂಕು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಜನ ಅವನನ್ನು ನೋಡಿದರು. ಯಾರೂ ಕಾಲು ಕೆಳಗೆ ಬಿಡಲಿಲ್ಲ. ಒಬ್ಬ ಮುದುಕ ಅವನ ಕಡೆ ಉಗುಳಿ ಒಳಗೆ ಹೋದ.

ಮರುದಿನ ಹಟ್ಟಿಯ ಬೇವಿನಗಿಡದ ಕೆಳಗೆ ಕುರಿಗಾರರು ಸೇರಿದರು. ಬಂದಗಿಸಾಬನೂ ಬಂದ. ಧೂಳಪ್ಪ ಗೌಡನ ಕಣ್ಣು ತಪ್ಪಿಸಿ ಬಂದು ಹೊರಗೆ ಕುರಿಗಳ ನಡುವೆ ಕೂತ. ಹುಡುಗರು ಕುದಿಯುತ್ತಿದ್ದರು.

"ಲೈಸೆನ್ಸ ಕೊಡದಿದ್ರ ಬ್ಯಾಡ. ಹೊಳಿಯಾಚೆ ನಾಡಬಂದೂಕ ಮಾಡ್ತಾರ. ಎರಡು ತರೂಣು. ಅವನ ದಾರಿಯಾಗ ನಾವೂ ನಿಲ್ಲೂಣು" ಅಂದ ಪರಪ್ಪ. ಅವನು ಸೋಮನಿಂಗನ ವಾರಿಗೆಯವನು. ಈಗ ಸೋಮನಿಂಗನ ಹಿಂಡನ್ನೂ ಅವನೇ ಕಾಯುತ್ತಿದ್ದ.

ಹೌದು ಹೌದು ಅಂದರು ನಾಲ್ಕೈದು ಮಂದಿ. ಶೇವಂತೆವ್ವ ಎದ್ದು ನಿಂತಳು.

"ತರ್ರಿ. ತಂದು ನಿಲ್ರಿ. ಗೌಡ ಹಿಡದ್ರ ಅದಕ್ಕ ಆತ್ಮರಕ್ಷಣೆ ಅಂತಾರ. ನೀವು ಹಿಡದ್ರ ದರೋಡಿ ಅಂತಾರ. ಅಂವ ಸುಟ್ರ ನೀವು ಜೇಲಿಗೆ. ನೀವು ಸುಟ್ರನೂ ನೀವು ಜೇಲಿಗೆ. ನಿಮ್ಮ ಹಿಂದ ಈ ಕುರಿ ಯಾರು ಕಾಯ್ತಾರ? ನನಗ ಇನ್ನೊಂದು ಬಂದೂಕ ಬ್ಯಾಡ. ಅವನ ಹೆಗಲ ಮ್ಯಾಲಿಂದು ಇಳೀಬೇಕು. ಅಷ್ಟ."

"ಅವನ ಹೆಗಲ ಮ್ಯಾಲ ಎಲ್ಲೈತೇವ್ವಾ?" ಅಂದ ಬಂದಗಿಸಾಬ. ಕುರಿಗಳ ಕಡೆ ಕೈ ತೋರಿಸಿದ. "ಅಲ್ಲಿ ಕೂತಾಂವನ ಹೆಗಲ ಮ್ಯಾಲ ಐತಿ."

ಎಲ್ಲರೂ ತಿರುಗಿ ನೋಡಿದರು. ಧೂಳಪ್ಪ ತಲೆ ತಗ್ಗಿಸಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಂದಗಿಸಾಬ ಇನ್ನೊಂದು ಅರ್ಜಿ ಬರೆದ. ಈ ಸಲ ಬಂದೂಕು ಕೇಳಿ ಅಲ್ಲ. ಗೌಡನ ಲೈಸೆನ್ಸು ರದ್ದು ಮಾಡಿ ಅಂತ. ಹಟ್ಟಿಯ ನಲವತ್ತೆರಡು ಮಂದಿ ಹೆಬ್ಬೆರಳು ಒತ್ತಿದರು. ಸೋಮನಿಂಗ ದವಾಖಾನೆಯ ಮಂಚದಿಂದಲೇ ಒತ್ತಿ ಕಳಿಸಿದ. ಅರ್ಜಿ ಮೂರು ಮೇಜು ದಾಟಿ, ಕೊನೆಗೆ ಉಪವಿಭಾಗದ ಅಧಿಕಾರಿ ಪ್ರಾಂತ ಸಾಹೇಬರು ತಾವೇ ವಿಚಾರಣೆಗೆ ಬರುತ್ತಾರೆ ಅಂತ ಡಂಗುರ ಆಯಿತು.

ಸಾಹೇಬರು ಬಂದ ದಿನ ಚಾವಡಿ ಕಿಕ್ಕಿರಿದಿತ್ತು. ಅವರು ಮೈಸೂರು ಕಡೆಯವರು, ಹರೆಯದವರು. ಮೇಜಿನ ಮೇಲೆ ಬಂದೂಕು ಇತ್ತು. ಅದರ ಪಕ್ಕ ಅರಗು ಹಚ್ಚಿದ ಕೊಡಲಿ. ಗೌಡನಿಗೆ ಕುರ್ಚಿ ಹಾಕಿದ್ದರು. ಸೋಮನಿಂಗ ಕಂಕುಳಲ್ಲಿ ಕೋಲು ಇಟ್ಟುಕೊಂಡು ಗೋಡೆಗೆ ಒರಗಿದ್ದ. ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

"ನಿಮಗೆ ಯಾರ ಭಯ?" ಸಾಹೇಬರು ಗೌಡನನ್ನು ಕೇಳಿದರು. "ಯಾರಿಂದ ರಕ್ಷಣೆ ಬೇಕಾಗಿ ಇದನ್ನು ಊರೊಳಗೆಲ್ಲ ತಿರುಗಿಸುತ್ತೀರಿ?"

ಗೌಡ ಒಮ್ಮೆ ಜನರ ಕಡೆ ನೋಡಿದ. "ಈ ಮಂದಿ ಈಗ ಮೊದಲಿನಂಗ ಇಲ್ರಿ ಸಾಹೇಬ್ರ. ಕರದ್ರ ಬರೂದಿಲ್ಲ. ತಲಿ ಎತ್ತಿ ಮಾತಾಡ್ತಾರ. ಯಾವಾಗ ಏನ್ ಮಾಡ್ತಾರೋ ಹೇಳಾಕ ಬರೂದಿಲ್ಲ. ಮರ್ಯಾದಸ್ಥರು ಜೀವ ಕಾಪಾಡ್ಕೊಬೇಕಲ್ರಿ? ಬೇಕಾದ್ರ ಕಣ್ಣಾರೆ ಕಂಡಾಂವ ಅದಾನ, ಕೇಳ್ರಿ."

ಧೂಳಪ್ಪನನ್ನು ಕರೆದರು. ಹವಾಲ್ದಾರ ಅವನ ಹಳೆಯ ಹೇಳಿಕೆ ಓದಿದ. ಸಾಹೇಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಅದು ಇರಲಿ. ಧೂಳಪ್ಪನವರೇ, ನೀವು ನೋಡಿದ್ದನ್ನು ನೀವೇ ಹೇಳಿ."

'ಧೂಳಪ್ಪನವರೇ' ಅಂದದ್ದು ತನಗೇ ಅಂತ ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಗೌಡ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ. ಶೇವಂತೆವ್ವ ಹೆಣ್ಣುಮಕ್ಕಳ ನಡುವೆ ನಿಂತಿದ್ದಳು. ಅವನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

"ಕೊಡಲಿ ಎತ್ತಿಲ್ರಿ" ಅಂದ ಧೂಳಪ್ಪ.

ಧ್ವನಿ ಹೊರಗೆ ಬಂತೋ ಇಲ್ಲವೋ ಅಂತ ಅವನಿಗೇ ಸಂಶಯ. ಮತ್ತೆ ಜೋರಾಗಿ ಅಂದ. "ಸೋಮನಿಂಗ ಕೊಡಲಿ ಎತ್ತಿಲ್ರಿ ಸಾಹೇಬ್ರ. ಕೊಡಲಿ ಕಲ್ಲಿಗೆ ಒರಗಿಸಿ ಇಟ್ಟಿದ್ದ. ಎರಡೂ ಕೈಲೆ ಮುಳ್ಳು ಎಳಿಯಾಕತ್ತಿದ್ದ. ಬಗ್ಗಿದ್ದ. ಬಗ್ಗಿದಾಂವಗ ಹೊಡದ್ರು."

"ಧೂಳ್ಯಾ!" ಗೌಡ ಎದ್ದ.

"ಕೂತುಕೊಳ್ಳಿ" ಅಂದರು ಸಾಹೇಬರು.

"ಬಂದೂಕ ನಾನ ಕೊಟ್ಟೇನ್ರಿ. ತಾ ಅಂದ್ರು, ಕೊಟ್ಟೆ. ಕಾಡತೂಸ ನಾನ ತುಂಬಿದ್ದೆ. ಹೊಡದ ಮ್ಯಾಲ ಕೊಡಲಿ ತಗದು ಅವನ ಕೈ ಹತ್ರ ಇಟ್ಟಾಂವನೂ ನಾನರಿ. ಈ ಕೈಲೆ ಇಟ್ಟೆ." ಅವನು ಬಲಗೈ ಮುಂದೆ ಚಾಚಿದ. "ಅಂಜಿ ಸುಳ್ಳ ಹೇಳಿದೆ. ಹೆಬ್ಬಟ್ಟು ಒತ್ತಿದೆ. ಬರ್ಕೋರಿ. ನನ್ನ ಮ್ಯಾಲೂ ಕೇಸ ಹಾಕ್ರಿ. ಒಂಬತ್ತು ವರ್ಷ ಇವರ ಹಿಂದ ಈ ಬಂದೂಕ ಹೊತ್ತೇನಿ. ಯಾರೂ ಇವರ ಮೈಮ್ಯಾಲ ಬಂದಿಲ್ಲ. ಇದನ್ನ ತೋರಿಸಿ ಇವರ ಎಲ್ಲಾರ ಮೈಮ್ಯಾಲ ಹ್ವಾದ್ರು. ಕೂಲಿ ಕೇಳಿದ್ರ ಬಂದೂಕ, ದಾರಿ ಕೇಳಿದ್ರ ಬಂದೂಕ. ನಾ ಹಿಂದಿಂದ ಹೊತ್ಕೊಂಡ ಹೋಗಾಂವ. ಜೀವ ಕಾಯಾಕ ಅಂತ ಬರದದ್ದು ಸುಳ್ಳರಿ."

ಸಾಹೇಬರ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಬರೆದು ಮುಗಿದ ಮೇಲೆ ಹವಾಲ್ದಾರನನ್ನು ರೂಢಿ ಬಿಡಲಿಲ್ಲ.

"ಏ, ಬಂದೂಕ ಎತ್ಕೋ. ಜೀಪಿನಾಗ ಇಡು" ಅಂದ ಧೂಳಪ್ಪನಿಗೆ.

"ನಾ ಮುಟ್ಟೂದಿಲ್ಲ."

"ಏನಂದಿ?"

"ನಾ ಮುಟ್ಟೂದಿಲ್ಲ ಅಂದೆ. ನೀವ ಎತ್ಕೋರಿ."

ಹವಾಲ್ದಾರ ಸಾಹೇಬರ ಮುಖ ನೋಡಿದ. ಆಮೇಲೆ ತಾನೇ ಎತ್ತಿಕೊಂಡು ಜೀಪಿಗೆ ನಡೆದ.

ಇದಾದ ಮೇಲೆ ಎಲ್ಲವೂ ನೆಟ್ಟಗಾಯಿತು ಅಂತ ಹೇಳಲು ಬರುವುದಿಲ್ಲ. ಸೋಮನಿಂಗನ ಮೇಲಿನ ಕೇಸು ಬಿದ್ದುಹೋಯಿತು. ದಾರಿಯ ಮುಳ್ಳು ತೆಗೆಯಬೇಕು ಅಂತ ಹುಕುಂ ಆಯಿತು. ಗೌಡನ ಲೈಸೆನ್ಸು ರದ್ದಾಯಿತು, ಅವನ ಮೇಲೆ ಕೇಸು ಕೂತಿತು. ಆದರೆ ಅವನು ಒಂದು ದಿನವೂ ಜೇಲು ನೋಡಲಿಲ್ಲ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಧೂಳಪ್ಪ ಹನ್ನೊಂದು ದಿನ ಒಳಗಿದ್ದು ಬಂದ. ಬರುವಷ್ಟರಲ್ಲಿ ಗೌಡನ ಜಾಗದಲ್ಲಿದ್ದ ಅವನ ಗುಡಿಸಲನ್ನು ಕಿತ್ತು ಒಲೆಗೆ ಹಾಕಿದ್ದರು. ಅವನು ಹಟ್ಟಿಗೆ ಹೋದ. ಶೇವಂತೆವ್ವ ಮಾತಾಡಲಿಲ್ಲ. ಸೋಮನಿಂಗನೇ ಕಂಬಳಿ ಸರಿಸಿ ಜಾಗ ಮಾಡಿದ.

"ಕೂಡು ಮಾವಾ."

ಧೂಳಪ್ಪ ಕೂತ. ಅವನಿಗೆ ಅಳು ಬಂತು. ಸೋಮನಿಂಗ ಸಮಾಧಾನ ಮಾಡಲಿಲ್ಲ. "ಅತ್ರ ನನ್ನ ಕಾಲು ಬರೂದಿಲ್ಲ. ನಾಳಿಂದ ಹಿಂಡಿನ ಹಿಂದ ನೀ ಹೋಗು" ಅಂದ.

ಮೂರು ದಿನ ಧೂಳಪ್ಪ ತಾನೇ ರೊಟ್ಟಿ ಸುಟ್ಟುಕೊಂಡು ತಿಂದ. ನಾಲ್ಕನೆಯ ದಿನ ಶೇವಂತೆವ್ವ ಅವನ ಮುಂದೆ ಗಂಗಾಳ ತಂದಿಟ್ಟಳು. ಮಾತು ಮಾತ್ರ ಇಲ್ಲ.

ನಾಲ್ಕು ತಿಂಗಳಿಗೆ ಗೌಡನ ಬಂದೂಕು ತಿರುಗಿ ಬಂತು. ಮೇಲೆ ಎಲ್ಲೋ ಅಪೀಲು ಮಾಡಿಕೊಂಡಿದ್ದ. ಆತ್ಮರಕ್ಷಣೆಗೆ ಅವಶ್ಯ ಅಂತ ಯಾರೋ ಮತ್ತೆ ಬರೆದಿದ್ದರು. ಹೊಳೆಯ ದಾರಿ ಮತ್ತೆ ಬಂದ್ ಅಂತ ಅವನು ಹೇಳಿ ಕಳಿಸಿದ ಸುದ್ದಿ ಕೇಳಿ ಹಟ್ಟಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಪರಪ್ಪ ಮತ್ತೆ ಹೊಳೆಯಾಚೆಯ ಮಾತು ತೆಗೆದ. ಬಂದಗಿಸಾಬ ಮತ್ತೆ ಕಾಗದ ತೆಗೆದ. ಶೇವಂತೆವ್ವ ಮಾತ್ರ ಬೆಳಗಾಗುತ್ತಲೇ ಕೊಡ ಕಂಕುಳಿಗೆ ಇಟ್ಟುಕೊಂಡಳು.

"ಕುರಿಗೆ ನೀರು ಬೇಕು. ಏಳ್ರಿ" ಅಂದಳು.

ಹಿಂಡು ಹೊರಟಿತು. ಧೂಳಪ್ಪ ಮುಂದೆ. ಸೋಮನಿಂಗ ಕೋಲು ಊರುತ್ತ ಅವನ ಪಕ್ಕ. ಹಿಂದೆ ಶೇವಂತೆವ್ವ. ಓಣಿಯಿಂದ ಕೊಡ ಹಿಡಿದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸೇರಿದರು. ಹೊಲದ ಹತ್ತಿರ ಬರುವಷ್ಟರಲ್ಲಿ ಎಷ್ಟು ಜನ ಆಗಿದ್ದರೋ ಯಾರೂ ತಿರುಗಿ ನೋಡಲಿಲ್ಲ.

ಗೌಡ ದಾರಿಯ ನಡುವೆ ನಿಂತಿದ್ದ. ಎರಡೂ ಕೈಯಲ್ಲಿ ಬಂದೂಕು. ಹತ್ತಿರ ಆಳುಗಳಿದ್ದರು. ಯಾರೂ ಅವನ ಹಿಂದೆ ನಿಂತಿರಲಿಲ್ಲ. ಬದುವಿನ ಮೇಲೆ ದೂರ ಸರಿದು ನಿಂತಿದ್ದರು.

"ಒಂದು ಹೆಜ್ಜಿ ಮುಂದ ಬಂದ್ರ ಸುಡ್ತೇನಿ!"

ಆ ನಳಿಗೆ ಎಷ್ಟು ದೂರ ಹೊಡೆಯುತ್ತದೆ ಅಂತ ಊರಲ್ಲಿ ಧೂಳಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕಾಲು ನಿಂತಿತು. ಆಗ ಬೆನ್ನ ಹಿಂದೆ ಶೇವಂತೆವ್ವನ ಧ್ವನಿ ಬಂತು. ಐದು ತಿಂಗಳ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು.

"ನಡಿ. ನಾ ಅದೇನಿ."

ಧೂಳಪ್ಪ ನಡೆದ. ಕೈ ಎರಡೂ ಬರಿದಾಗಿದ್ದವು. ಹತ್ತು ಹೆಜ್ಜೆ. ಐದು ಹೆಜ್ಜೆ. ನಳಿಗೆಯ ಎರಡೂ ತೂತು ಅವನ ಎದೆಯನ್ನೇ ನೋಡುತ್ತಿದ್ದವು. ಅವನು ಗೌಡನ ಕಣ್ಣು ನೋಡಿದ. ಒಂಬತ್ತು ವರ್ಷ ಬೆನ್ನನ್ನೇ ನೋಡಿದ್ದ. ಆ ಕಣ್ಣನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅದು ಅಂಜಿತ್ತು.

"ಯಾರಿಗಂತ ಹೊಡೀತೀರಿ ಗೌಡ್ರ?" ಅಂದ. "ಎರಡ ಕಾಡತೂಸ ಅದಾವ. ನಾವು ಊರ ಮಂದಿ ಬಂದೇವಿ. ಎಲ್ಲಾರಿಗೂ ಕಣ್ಣು ಅದಾವ. ಈ ಸಲ ಕೊಡಲಿ ಇಡಾಕ ನಾ ಇಲ್ಲ. ದಾರಿ ಬಿಡ್ರಿ."

ಗೌಡ ದಾರಿ ಬಿಡಲಿಲ್ಲ. ಗುಂಡೂ ಹಾರಿಸಲಿಲ್ಲ. ಅಲ್ಲೇ ನೆಟ್ಟ ಹಾಗೆ ನಿಂತ. ನೀರಿನ ವಾಸನೆ ಹಿಡಿದ ಕುರಿಗಳಿಗೆ ತಡೆಯಲಾಗಲಿಲ್ಲ. ಮುಂದಿನ ಟಗರು ಗೌಡನ ಕಾಲಿಗೆ ಮೈ ತಿಕ್ಕಿಕೊಂಡು ನುಗ್ಗಿತು. ಅದರ ಹಿಂದೆ ಹಿಂಡು. ಅವನ ಎಡಕ್ಕೆ, ಬಲಕ್ಕೆ, ಕಾಲ ಸಂದಿಯಲ್ಲಿ. ಧೂಳು ಎದ್ದಿತು. ಅವನ ಬಿಳಿ ಧೋತ್ರ ಕಪ್ಪಾಯಿತು. ಹೆಣ್ಣುಮಕ್ಕಳು ಕೊಡ ಬದಲಿಸಿಕೊಂಡು ಅವನ ಪಕ್ಕದಿಂದ ಹಾದುಹೋದರು. ಯಾರೂ ಸೆರಗು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ನೂಕಿನಲ್ಲಿ ಹಿಂದೆ ಬಿದ್ದ ಸೋಮನಿಂಗ ಎಲ್ಲರ ಕೊನೆಗೆ ಬಂದ. ಗೌಡನ ಎದುರಿಗೆ ಬಂದಾಗ ನಿಂತು, ಕೋಲನ್ನು ಗಟ್ಟಿ ಊರಿ, ಮತ್ತೆ ನಡೆದ.

ಹೊಳೆಯಲ್ಲಿ ಕುರಿಗಳು ಮುಂಗಾಲು ಮುಳುಗಿಸಿಕೊಂಡು ನೀರು ಕುಡಿಯುತ್ತಿದ್ದವು. ಧೂಳಪ್ಪ ಮೊಣಕಾಲಮಟ್ಟ ನೀರಿಗೆ ಇಳಿದ. ಬೊಗಸೆ ತುಂಬಿಕೊಂಡು ಕುಡಿದ. ಅವನಿಗೂ ಬಹಳ ನೀರಡಿಕೆಯಾಗಿತ್ತು.